ಸಡಿಲಗೊಂಡ ಉಡಿದಾರ: ರೋಗಿಯ ಪೋಷಣೆಯ ತಪಾಸಣೆ ಮತ್ತು ಜನಪದ ಅಳತೆಗಳು

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳು ಕನ್ನಡ ತೆಲುಗುಗಳೆರಡೂ ಬೆರೆತ ರಾಗಿಯ ಸೀಮೆ. ಒಂದು ಮನೆಯ ಮುದ್ದೆ ಪಕ್ಕದ ಮನೆಯಲ್ಲಿ ಸಂಗಟಿ ಎನಿಸಿಕೊಳ್ಳುತ್ತದೆ. ಇಲ್ಲಿನ ರೋಗಿಯೊಬ್ಬ ಆಸ್ಪತ್ರೆ ಸೇರಿದಾಗ ಕಾಯಿಲೆಯೊಡನೆ ಅವನ ಪೋಷಣೆಯ ಸ್ಥಿತಿಯನ್ನೂ ಅರಿಯಬೇಕಾಗುತ್ತದೆ. ಪೋಷಣೆ ಕುಂದಿದ ದೇಹದಲ್ಲಿ ಗಾಯ ಮಾಯುವುದು ತಡವಾಗುತ್ತದೆ. ಸೋಂಕು ಬೇಗ ತಗಲುತ್ತದೆ.

ಇದಕ್ಕೆ ಬಳಕೆಯಲ್ಲಿರುವ ಕ್ರಮಗಳಲ್ಲಿ ಬ್ರಿಟನ್ನಿನಲ್ಲಿ 2003ರಲ್ಲಿ ಹೊರಬಂದ 'ಮಸ್ಟ್' ಒಂದು. ದೇಹತೂಕ ಸೂಚ್ಯಂಕ 18.5ಕ್ಕಿಂತ ಕಡಿಮೆಯಿದ್ದರೆ 2 ಅಂಕ. ಹಿಂದಿನ 3ರಿಂದ 6 ತಿಂಗಳಲ್ಲಿ ತೂಕವು ಉದ್ದೇಶವಿಲ್ಲದೆ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ 2. ತೀವ್ರ ಕಾಯಿಲೆಯಿಂದ 5 ದಿನಕ್ಕೂ ಮಿಕ್ಕಿ ಆಹಾರವಿಲ್ಲದಿದ್ದರೆ ಅಥವಾ ಇಲ್ಲದಿರುವ ಸಂಭವವಿದ್ದರೆ 2. ಒಟ್ಟು 2 ಅಥವಾ ಅದಕ್ಕೂ ಹೆಚ್ಚು ಬಂದರೆ ಅಪಾಯ ಹೆಚ್ಚೆಂದು ಪರಿಗಣಿಸಲಾಗುತ್ತದೆ.

ಎಂದೂ ತೂಕ ಮಾಡಿಸಿಕೊಳ್ಳದ ಕೂಲಿಕಾರ್ತಿಗೆ ಆರು ತಿಂಗಳ ಹಿಂದಿನ ತೂಕ ತಿಳಿದಿರುವುದಿಲ್ಲ. ಅಂತಹ ಸಂದರ್ಭದಲ್ಲಿ ಬಟ್ಟೆ, ಆಭರಣ ಸಡಿಲವಾಗಿರುವುದನ್ನು ಲಕ್ಷಣವಾಗಿ ಗಮನಿಸಲು ಈ ಕ್ರಮವೇ ಅವಕಾಶ ನೀಡಿದೆ; ತೋಳಿನ ಮಧ್ಯಭಾಗದ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸೂಚ್ಯಂಕ 20ಕ್ಕಿಂತ ಕೆಳಗಿರಬಹುದೆಂದೂ ಹೇಳುತ್ತದೆ. ಬಳೆ ಮೊಣಕೈಯತ್ತ ಏರುವುದು, ಉಡಿದಾರ ಜಾರುವುದು, ರವಿಕೆಯ ತೋಳು ಜೋಲುವುದು ಜನಪದರು ಬಹುಕಾಲದಿಂದ ಬಲ್ಲ ಅಳತೆಗಳೇ ಆಗಿವೆ.

ಪ್ರಶ್ನೆಯ ಭಾಷೆಯೂ ಮುಖ್ಯವಾದುದು. 'ಊಟ ಆಯ್ತಾ?' ಎಂಬುದು ಈ ನಾಡಿನಲ್ಲಿ ಕುಶಲಪ್ರಶ್ನೆ. 'ಆಯ್ತು' ಎಂಬುದು ಮರ್ಯಾದೆಯ ಉತ್ತರ. ಆಸ್ಪತ್ರೆಯ ಮಂಚದ ಮೇಲೂ ಇದೇ ಉತ್ತರ ಬಂದರೆ ಹಸಿವು ಮರೆಯಾಗಿಬಿಡುತ್ತದೆ. 'ಮೊದಲು ಹೊತ್ತಿಗೆ ಎಷ್ಟು ಮುದ್ದೆ, ಈಗೆಷ್ಟು? ಮುದ್ದೆ ಬಿಟ್ಟು ಗಂಜಿಗೆ ಇಳಿದು ಎಷ್ಟು ದಿನವಾಯಿತು?' ಎಂದು ಕೇಳಿದಾಗ ಕುಂದಿದ ಪ್ರಮಾಣ ಹೊರಬೀಳುತ್ತದೆ. ಮುದ್ದೆಯ ಗಾತ್ರ ಮನೆಯಿಂದ ಮನೆಗೆ ಬೇರೆಯಾದ್ದರಿಂದ ಹೋಲಿಕೆ ರೋಗಿಯ ಹಿಂದಿನ ಊಟದೊಡನೆಯೇ ನಡೆಯಬೇಕು. ಗಾಯವಾದವರಿಗೆ 'ನಂಜು' ಎಂದು, ಬಾಣಂತಿಗೆ 'ಪಥ್ಯ' ಎಂದು ಬಿಡಿಸಿದ ಪದಾರ್ಥಗಳನ್ನೂ ವಿಚಾರಿಸಬೇಕು. ರೋಗಿ ತಾನಾಗಿ ಅದನ್ನು ಹಸಿವಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಜನಪದ ಅಳತೆಗೆ ಮಿತಿಯೂ ಉಂಟು. ಮೈ ಬಾವು ಬಂದಾಗ ದೇಹ ಸೊರಗಿದ್ದರೂ ಬಳೆ ಬಿಗಿಯಾಗಿರುತ್ತದೆ. ಆದ್ದರಿಂದ ಇವು ತಕ್ಕಡಿಗೂ ಅಳತೆಪಟ್ಟಿಗೂ ಬದಲಿಯಲ್ಲ, ಪೂರಕ ಮಾತ್ರ. ತಕ್ಕಡಿ ಇಂದಿನ ತೂಕವನ್ನು ತಿಳಿಸುತ್ತದೆ. ಕಳೆದುಹೋದ ತೂಕವನ್ನು ತಿಳಿಯಲು ಉಡಿದಾರದ ಗಂಟನ್ನೂ ಮುದ್ದೆಯ ಲೆಕ್ಕವನ್ನೂ ಕೇಳಬೇಕಾಗುತ್ತದೆ.