ಕರಿಕೋಟು ತೊಟ್ಟ ಹೆಂಗಸರು

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. "ಟೀಚರೇ, ಗಂಡ ಹೊಡೆದದ್ದನ್ನ ಗಂಡಸು ವಕೀಲರ ಮುಂದೆ ಹೆಂಗೆ ಹೇಳೋದು? ಹೆಂಗಸರು ವಕೀಲರು ಇರಲ್ಲವಾ?"

ಇದ್ದಾರೆ ಅಕ್ಕಾ. ಆದರೆ ಸುಮಾರು ನೂರು ವರ್ಷಗಳ ಹಿಂದೆ ಇರಲಿಲ್ಲ. ಹೆಂಗಸರಿಗೆ ವಕೀಲಿ ಸನ್ನದು ಕೊಡುತ್ತಿರಲಿಲ್ಲ. ಸನ್ನದು ಎಂದರೆ ಕೋರ್ಟಿನಲ್ಲಿ ವಾದ ಮಾಡಲು ಕೊಡುವ ಅಪ್ಪಣೆ.

ಆಗ ಕಲ್ಕತ್ತದಲ್ಲಿ ರೆಜಿನಾ ಗುಹಾ ಎಂಬ ಹೆಣ್ಣುಮಗಳಿದ್ದರು. ಕಾನೂನು ಓದಿ ಪಾಸಾಗಿದ್ದರು. 1916ರಲ್ಲಿ ಸನ್ನದಿಗೆ ಅರ್ಜಿ ಹಾಕಿದರು. ಕಾಯಿದೆಯಲ್ಲಿ 'ವ್ಯಕ್ತಿ' ಎಂದು ಬರೆದಿತ್ತು. ಹೆಂಗಸು ವ್ಯಕ್ತಿ ಅಲ್ಲವೇ? ಐವರು ನ್ಯಾಯಾಧೀಶರು ಕೂತು ವಿಚಾರ ಮಾಡಿದರು. ಈ ಕಾಯಿದೆಯ 'ವ್ಯಕ್ತಿ'ಯಲ್ಲಿ ಹೆಂಗಸರು ಸೇರುವುದಿಲ್ಲ ಅಂದುಬಿಟ್ಟರು! ನೋಡಿ, ಒಂದೇ ಒಂದು ಮಾತು. ಅದರ ಅರ್ಥ ಹೇಳುವವರು ಗಂಡಸರೇ ಆಗಿದ್ದರು.

ರೆಜಿನಾ ಸೋತರು. 1919ರಲ್ಲಿ ತೀರಿಕೊಂಡರು. ಕರಿಕೋಟು ತೊಡಲಿಲ್ಲ.

1921ರಲ್ಲಿ ಸುಧಾಂಶುಬಾಲಾ ಹಜ್ರಾ ಪಟ್ನಾ ಹೈಕೋರ್ಟಿಗೆ ಅರ್ಜಿ ಹಾಕಿದರು. ಅವರ ಬೆನ್ನಿಗೆ ನಿಂತವರು ಒಡಿಶಾದ ಹಿರಿಯ ವಕೀಲ ಮಧುಸೂದನ ದಾಸ್. ತಮಗಿದ್ದ ಸನ್ನದು ಹೆಂಗಸರಿಗೂ ಸಿಗಲಿ ಅಂದವರು ಅವರು. ಇಂಥ ಗಂಡಸರನ್ನೂ ನಾವು ನೆನೆಯಬೇಕು. ಆದರೂ ಅರ್ಜಿ ಬಿದ್ದುಹೋಯಿತು.

ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೆಲಿಯಾ ಸೊರಾಬ್ಜಿ ಅವರಿಗೆ ಸನ್ನದು ಕೊಟ್ಟಿತು. ಇವರು ನಾಸಿಕದಲ್ಲಿ ಹುಟ್ಟಿದವರು. ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲೇ ಕಾನೂನು ಪರೀಕ್ಷೆ ಬರೆದಿದ್ದರು. ಹೆಣ್ಣು ಅಂತ ಪದವಿ ಕೊಟ್ಟಿರಲಿಲ್ಲ. ಅದು ಕೈಗೆ ಬಂದದ್ದು 1922ರಲ್ಲಿ. ಮೂವತ್ತು ವರ್ಷ ಕಾದರು! ಪರದೆಯೊಳಗೆ ಇದ್ದ ಹೆಂಗಸರ ಆಸ್ತಿ ಉಳಿಸಲು ಅವರು ಬಹಳ ದುಡಿದರು. ಆ ಹೆಂಗಸರು ಗಂಡಸರ ಎದುರಿಗೆ ಬರುವ ಹಾಗಿರಲಿಲ್ಲ. ನಮ್ಮ ಅಕ್ಕನ ಕಷ್ಟವೇ ಅದು, ಅಲ್ಲವೇ?

ಕಡೆಗೆ 1923ರಲ್ಲಿ ಹೊಸ ಕಾಯಿದೆ ಬಂತು. ಹೆಣ್ಣು ಎಂಬ ಕಾರಣಕ್ಕೆ ಸನ್ನದು ಇಲ್ಲ ಅನ್ನುವಂತಿಲ್ಲ ಎಂದಾಯಿತು.

ಬಾಗಿಲು ತೆರೆದರೂ ಒಳಗೆ ಹೋದವರು ಕಡಿಮೆ. ನಮ್ಮ ಬಳ್ಳಾರಿಯಲ್ಲಿ ಮಂಜುಳಾ ಚೆಲ್ಲೂರ್ ವಕೀಲಿ ಶುರು ಮಾಡಿದ್ದು 1978ರಲ್ಲಿ. ಅಲ್ಲಿಗೆ ಅವರೇ ಮೊದಲ ಹೆಂಗಸು ವಕೀಲರು. 2000ದಲ್ಲಿ ಕರ್ನಾಟಕ ಹೈಕೋರ್ಟಿಗೆ ನ್ಯಾಯಾಧೀಶರಾದರು. ಅಲ್ಲಿಯೂ ಅವರೇ ಮೊದಲು.

ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ರೆಜಿನಾ ಗುಹಾ ಹೆಸರಿನ ಪದಕ ಇದೆ. ಕಾನೂನು ಓದಿದವರಿಗಲ್ಲ, ಇಂಗ್ಲಿಷ್ ಎಂ.ಎ. ಓದಿದವರಿಗೆ! ನಮಗೇನೋ ಕಾನೂನು ಓದುವ ಹುಡುಗಿಯರಿಗೂ ಒಂದು ಇರಬೇಕಿತ್ತು ಅನಿಸುತ್ತದೆ.

ಆ ಅಕ್ಕನಿಗೆ ಇನ್ನೊಂದು ಮಾತು ಹೇಳಿದೆವು. 1987ರ ಕಾನೂನು ಸೇವಾ ಕಾಯಿದೆಯಂತೆ ಹೆಂಗಸರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಫೀಸು ಇಲ್ಲ. ವರಮಾನ ಎಷ್ಟಿದ್ದರೂ ಸರಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ಅರ್ಜಿ ಕೊಡಬೇಕು. "ನನಗೆ ಹೆಂಗಸು ವಕೀಲರು ಬೇಕು" ಎಂದು ಅದರಲ್ಲೇ ಬರೆದು ಕೇಳಬಹುದು.

ಮಾರನೇ ದಿನ ಅಕ್ಕ ಬಂದು ಆ ಒಂದು ಸಾಲನ್ನೇ ಸ್ಲೇಟಿನ ಮೇಲೆ ಬರೆದು ತೋರಿಸಿದರು.