ಪತ್ರಿಕೆಗಾಗಿ ಓದುಗರು ಬೀದಿಗಿಳಿದದ್ದು

ಕೋಲ್ಕತ್ತಾದ ಸ್ಟ್ರ್ಯಾಂಡ್ ರಸ್ತೆಯಲ್ಲಿ, ಹೂಗ್ಲಿ ದಂಡೆಗೆ ಹತ್ತಿರದಲ್ಲಿ, ಎತ್ತರದ ಕಂಬಸಾಲಿನ ಮೆಟ್‌ಕಾಫ್ ಹಾಲ್ ಇದೆ. ಬ್ರಿಟಿಷ್ ಅಧಿಕಾರಿಗಳ ಹೆಸರು ಹೊತ್ತ ಕಟ್ಟಡಗಳಿಗೆ ಆ ಊರಲ್ಲಿ ಬರವಿಲ್ಲ. ಇದರ ಕಥೆ ಮಾತ್ರ ಬೇರೆ. ಪತ್ರಿಕೆಗಳ ಮೇಲಿದ್ದ ಲೈಸೆನ್ಸ್ ಕಟ್ಟುಪಾಡನ್ನು 1835ರಲ್ಲಿ ತೆಗೆದುಹಾಕಿದ ಚಾರ್ಲ್ಸ್ ಮೆಟ್‌ಕಾಫ್‌ನ ನೆನಪಿಗೆ ನಾಗರಿಕರು ಚಂದಾ ಎತ್ತಿ ಕಟ್ಟಿಸಿದ ಸಭಾಂಗಣವಿದು. ಆ ಕಟ್ಟುಪಾಡು ಹೋಗಿ ಎಂಟು ವರ್ಷಕ್ಕೆ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು.

ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಜನ ಶಾಂತಿಯಿಂದ ಬೀದಿಗಿಳಿಯುವುದು ಈಗ ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಈ ರೂಢಿ ಬೆಳೆಯಲು ಬಹಳ ಕಾಲ ಹಿಡಿಯಿತು. 1823ರಲ್ಲಿ ಲೈಸೆನ್ಸ್ ನಿಯಮ ಬಂದಾಗ ರಾಜಾ ರಾಮಮೋಹನ ರಾಯ್ ಮತ್ತು ಅವರ ಕೆಲವೇ ಸಂಗಡಿಗರು ಸುಪ್ರೀಂ ಕೋರ್ಟಿಗೆ ಮನವಿ ಬರೆದರು. ಕೋರ್ಟ್ ಅದನ್ನು ಒಪ್ಪಲಿಲ್ಲ. ರಾಯ್ ತಮ್ಮ ಪರ್ಷಿಯನ್ ವಾರಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನು ನಿಲ್ಲಿಸಿಬಿಟ್ಟರು. ಅಂದಿನ ಪ್ರತಿಭಟನೆಯೆಂದರೆ ಇಷ್ಟೇ: ಬೆರಳೆಣಿಕೆಯ ಸಹಿಗಳು ಮತ್ತು ಮುಚ್ಚಿದ ಒಂದು ಪತ್ರಿಕೆ.

1878ರಲ್ಲಿ ಚಿತ್ರ ಬದಲಾಯಿತು. ವೈಸ್‌ರಾಯ್ ಲಿಟ್ಟನ್ ಭಾರತೀಯ ಭಾಷೆಗಳ ಪತ್ರಿಕೆಗಳನ್ನಷ್ಟೇ ಗುರಿಯಾಗಿಸಿ ಕಾಯ್ದೆ ತಂದ. ಇಂಗ್ಲಿಷ್ ಪತ್ರಿಕೆಗಳಿಗೆ ಅದು ತಾಗುವಂತಿರಲಿಲ್ಲ. ಹಾಗಾಗಿಯೇ ‘ಅಮೃತ ಬಜಾರ್ ಪತ್ರಿಕಾ’ ಬಂಗಾಳಿಯನ್ನು ಬಿಟ್ಟು ದಿಢೀರನೆ ಇಂಗ್ಲಿಷಿಗೆ ಹೊರಳಿತು. ಕಾಯ್ದೆಯ ವಿರುದ್ಧ ಸುರೇಂದ್ರನಾಥ ಬ್ಯಾನರ್ಜಿಯವರ ಇಂಡಿಯನ್ ಅಸೋಸಿಯೇಷನ್ ಕಲ್ಕತ್ತಾದ ಟೌನ್‌ಹಾಲಿನಲ್ಲಿ ಸಭೆ ಕರೆಯಿತು. ದೊಡ್ಡ ಜಮೀನ್ದಾರರ ಬೆಂಬಲವಿರಲಿಲ್ಲ. ಮಧ್ಯಮ ವರ್ಗದ ಜನ ಬಂದು ಸಭಾಂಗಣ ತುಂಬಿಸಿದರು. ಪತ್ರಿಕೆಯನ್ನು ಉಳಿಸಿಕೊಳ್ಳುವುದು ಸಂಪಾದಕನೊಬ್ಬನ ತಲೆನೋವಲ್ಲ, ಓದುವವರದ್ದೂ ಹೌದು ಎಂಬುದು ಅಲ್ಲಿಂದ ಗಟ್ಟಿಯಾಯಿತು ಎಂದೇ ನಾನು ನಂಬುತ್ತೇನೆ. ಮುಂದಿನ ವೈಸ್‌ರಾಯ್ ರಿಪ್ಪನ್ ಕಾಲದಲ್ಲಿ, 1882ರಲ್ಲಿ, ಆ ಕಾಯ್ದೆ ರದ್ದಾಯಿತು.

ನಮ್ಮ ಮೈಸೂರಿನಲ್ಲಿ ಅಂಥ ಸಭೆ ನೆರೆಯಲಿಲ್ಲ. ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲಿ 1908ರ ಪತ್ರಿಕಾ ನಿಬಂಧನೆ ಬಂತು. ಸರ್ಕಾರದ ಅನುಮತಿಯಿಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸುವಂತಿರಲಿಲ್ಲ. ‘ವೃತ್ತಾಂತ ಚಿಂತಾಮಣಿ’ಯ ಎಂ. ವೆಂಕಟಕೃಷ್ಣಯ್ಯ, ಊರವರಿಗೆಲ್ಲ ತಾತಯ್ಯ, ಬಾಗಿ ಅನುಮತಿ ಬೇಡಲು ಒಪ್ಪದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ತಲೆಮಾರುಗಳನ್ನು ತಿದ್ದಿದವರು, ಅನಾಥಾಲಯ ಕಟ್ಟಿದವರು ಅವರು. ಅವರ ಆತ್ಮಗೌರವದ ಮುಂದೆ ತಲೆಬಾಗಲೇಬೇಕು. ಆದರೂ ನನಗೆ ಸಂಕಟವಾಗುವುದು ಇಲ್ಲಿಯೇ. ಪತ್ರಿಕೆ ನಿಂತರೆ ದಿವಾನರ ಕಚೇರಿಗೆ ಏನು ನಷ್ಟ? ನಷ್ಟವಾದದ್ದು ಮಾರನೆಯ ವಾರ ಪತ್ರಿಕೆ ಸಿಗದ ಓದುಗನಿಗೆ. ಅವನು ಹೊರಬಂದು ಕೇಳಲಿಲ್ಲ; ಕೇಳುವ ದಾರಿಯೂ ಅವನಿಗೆ ಗೊತ್ತಿರಲಿಲ್ಲ.

ನಾಲ್ಕು ದಶಕ ಕಳೆಯುವಷ್ಟರಲ್ಲಿ ಮೈಸೂರು ಬೇರೆಯೇ ಆಗಿತ್ತು. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಬೀದಿಗಿಳಿದಾಗ, ‘ಪೌರವಾಣಿ’ಯ ಎಚ್.ಎಸ್. ದೊರೆಸ್ವಾಮಿ ಸಂಸ್ಥಾನದ ನಿರ್ಬಂಧ ತಪ್ಪಿಸಿಕೊಂಡು ಗಡಿಯಾಚೆಯ ಹಿಂದೂಪುರದಿಂದ ಪತ್ರಿಕೆ ತಂದರು. ತಾತಯ್ಯನವರ ಕಾಲದಲ್ಲಿ ಪತ್ರಿಕೆಗಳು ಒಂಟಿಯಾಗಿದ್ದವು. ಪೌರವಾಣಿಯ ಬೆನ್ನಿಗೆ ಒಂದು ಚಳವಳಿಯೇ ಇತ್ತು.

ಸ್ವತಂತ್ರ ಭಾರತದಲ್ಲಿ ಸಂಪಾದಕರೇ ರಸ್ತೆಗಿಳಿದದ್ದು ಬಿಹಾರದ 1982ರ ಪತ್ರಿಕಾ ಮಸೂದೆಯ ವಿರುದ್ಧ ಮತ್ತು 1988ರ ಮಾನನಷ್ಟ ಮಸೂದೆಯ ವಿರುದ್ಧ. ಎರಡನೆಯದು ಬೊಫೋರ್ಸ್ ಹಗರಣದ ವರದಿಗಳು ಸರ್ಕಾರವನ್ನು ಕಂಗೆಡಿಸಿದ್ದ ಹೊತ್ತಿನಲ್ಲಿ ಬಂತು. ತಾನು ತಪ್ಪಿತಸ್ಥನಲ್ಲ ಎಂದು ಸಾಬೀತುಪಡಿಸುವ ಹೊಣೆ ಬರೆದವನ ಮೇಲೆಯೇ ಇತ್ತು. ಆಗಸ್ಟ್ ಕೊನೆಗೆ ಲೋಕಸಭೆ ಅದನ್ನು ಒಪ್ಪಿತು. ದೆಹಲಿಯಲ್ಲಿ ಪತ್ರಕರ್ತರು ಜಾಥಾ ನಡೆಸಿದರು. ಎಂಬತ್ತು ದಾಟಿದ್ದ, ‘ಇಂಡಿಯನ್ ಎಕ್ಸ್‌ಪ್ರೆಸ್’ನ ರಾಮನಾಥ ಗೋಯೆಂಕಾ ಕೂಡ ಅದರಲ್ಲಿದ್ದರು. ಸೆಪ್ಟೆಂಬರ್ ಮುಗಿಯುವ ಮುನ್ನವೇ ರಾಜೀವ್ ಗಾಂಧಿ ಮಸೂದೆಯನ್ನು ಕೈಬಿಟ್ಟರು.

ಇವೆಲ್ಲ ಕಾನೂನಿನ ವಿರುದ್ಧದ ಹೋರಾಟ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದಾಗ ಹಿಂತೆಗೆದುಕೊಳ್ಳಿ ಎಂದು ಕೇಳಲು ಯಾವ ಮಸೂದೆಯೂ ಇರಲಿಲ್ಲ. ಆದರೂ ಮರುದಿನ ಪುರಭವನದ ಮೆಟ್ಟಿಲುಗಳ ಮೇಲೆ ಜನ ಸೇರಿದರು. ರವೀಂದ್ರ ಕಲಾಕ್ಷೇತ್ರದಲ್ಲಿ ಅಂತಿಮ ದರ್ಶನಕ್ಕೆ ನೆರೆದರು. ವಾರದ ನಂತರ, ಸೆಪ್ಟೆಂಬರ್ 12ರಂದು, ನಗರ ರೈಲು ನಿಲ್ದಾಣದಿಂದ ಸೆಂಟ್ರಲ್ ಕಾಲೇಜು ಮೈದಾನದವರೆಗೆ ಸಾವಿರಾರು ಮಂದಿ ‘ನಾನು ಗೌರಿ’ ಎನ್ನುತ್ತ ನಡೆದರು. ರೈತರು, ದಲಿತ ಸಂಘಟನೆಯವರು, ವಿದ್ಯಾರ್ಥಿಗಳು, ಬರಹಗಾರರು ಅಲ್ಲಿದ್ದರು. ಒಂದು ಸುದ್ದಿಮನೆಯ ಶೋಕ ಅಷ್ಟು ಜನರದ್ದಾದದ್ದು ಹೇಗೆ?

ಉತ್ತರ ಪತ್ರಿಕೆಯ ಲೆಕ್ಕಪತ್ರದಲ್ಲೇ ಇದೆ. ಗೌರಿಯವರ ತಂದೆ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಮುಟ್ಟಲಿಲ್ಲ. ಗೌರಿ 2005ರಲ್ಲಿ ಆರಂಭಿಸಿದ ತಮ್ಮ ವಾರಪತ್ರಿಕೆಯನ್ನೂ ಅದೇ ಹಾದಿಯಲ್ಲಿ ನಡೆಸಿದರು. ಓದುಗ ಕೊಂಡರೆ ಪತ್ರಿಕೆ ಉಂಟು, ಇಲ್ಲವಾದರೆ ಇಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ವಾರವಾರ ಚಿಲ್ಲರೆ ಎಣಿಸಿ ಕೊಟ್ಟು ಕೊಂಡವರಿಗೆ ಅದು ತಮ್ಮದೇ ಪತ್ರಿಕೆ. ಅದರ ಸಂಪಾದಕಿಯನ್ನು ಕೊಂದಾಗ ಅವರು ಸಂತಾಪ ಸೂಚಿಸಿ ಸುಮ್ಮನಾಗದೆ ಎದ್ದು ನಡೆದರು. ಈ ಕೊಲೆಯನ್ನು ವಿರೋಧಿಸಿ ದನಿಯೆತ್ತಿದವರಲ್ಲಿ ಹಿಂದೂಪುರದಿಂದ ಪತ್ರಿಕೆ ತಂದಿದ್ದ ದೊರೆಸ್ವಾಮಿಯವರೂ ಇದ್ದರು. ಆಗ ಅವರಿಗೆ 99 ವರ್ಷ.

ಇಂದು ಬೆಂಗಳೂರಿನಲ್ಲಿ ಅಂಥ ಮೆರವಣಿಗೆ ಹೊರಡುವುದು ಕಷ್ಟ. 2021ರ ಪೊಲೀಸ್ ಆದೇಶ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿದೆ. ಅದು ಹಳೆಯ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಟ್ಟಿದ್ದ ಜಾಗ. ಸಂಚಾರಕ್ಕೆ ತೊಂದರೆಯಾಗುತ್ತದೆ ಎಂಬ ದೂರು ಸುಳ್ಳಲ್ಲ. ಆಂಬುಲೆನ್ಸ್ ಸಿಕ್ಕಿಕೊಳ್ಳಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಓದುಗ ಬೀದಿಗಿಳಿಯುವುದು ಇನ್ನೊಬ್ಬ ಓದುಗನ ಕಣ್ಣಿಗೆ ಬೀಳಲೆಂದು. ಅಂಗಡಿಯ ಹೊಸ್ತಿಲಲ್ಲಿ ನಿಂತವನು, ಬಿಎಂಟಿಸಿ ಬಸ್ಸಿನ ಕಿಟಕಿಯಲ್ಲಿ ಕೂತವಳು ನೋಡಿ, ಏನಾಯಿತು ಎಂದು ಕೇಳಬೇಕು. ಜೈಲಿನ ಹಳೆಯ ಗೋಡೆಗಳ ನಡುವೆ ಕೂತರೆ ದಾರಿಹೋಕರಿಗೆ ಏನೂ ಕಾಣದು. ನಗರ ಪೊಲೀಸರು ಸಮಯ ಮತ್ತು ಜನಸಂಖ್ಯೆಗೆ ಮಿತಿ ಹಾಕಲಿ, ಬೇಕಿದ್ದರೆ ಭಾನುವಾರವನ್ನೇ ಗೊತ್ತುಮಾಡಲಿ. ಪುರಭವನದ ಮೆಟ್ಟಿಲುಗಳನ್ನು ಮಾತ್ರ ಜನರಿಗೆ ಮರಳಿ ಬಿಟ್ಟುಕೊಡಲಿ.