ಚಿನ್ನದ ಮೀನಿಗೆ ಗಾಜಿನ ಬೌಲ್ ಮನೆಯಲ್ಲ

ಮಕ್ಕಳ ಹಟಕ್ಕೆ ಮಣಿದು ತಂದ ಬೆರಳುದ್ದದ ಎರಡು ಗೋಲ್ಡ್ ಫಿಷ್, ಒಂದು ದುಂಡನೆಯ ಗಾಜಿನ ಬೌಲ್, ತಳದಲ್ಲಿ ಹಿಡಿಯಷ್ಟು ಬಣ್ಣದ ಕಲ್ಲು. ಅನೇಕ ಮನೆಗಳಲ್ಲಿ ಮೀನು ಸಾಕಣೆ ಆರಂಭವಾಗುವುದೇ ಹೀಗೆ. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಮೀನು ಸತ್ತು ತೇಲುತ್ತಿರುತ್ತದೆ. 'ಅದರ ಆಯಸ್ಸೇ ಅಷ್ಟು' ಎಂದು ಮಕ್ಕಳನ್ನು ಸಮಾಧಾನಪಡಿಸಿ, ಹಿರಿಯರು ಮತ್ತೊಂದನ್ನು ತರುತ್ತಾರೆ.

ಆದರೆ ಅದರ ಆಯಸ್ಸು ಅಷ್ಟಲ್ಲ. ಉತ್ತಮ ಆರೈಕೆ ದೊರೆತರೆ ಗೋಲ್ಡ್ ಫಿಷ್ 10ರಿಂದ 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಸಿಕ್ಕಿದ್ದ 'ಟಿಶ್' ಎಂಬ ಮೀನು 1999ರವರೆಗೆ, ಅಂದರೆ 43 ವರ್ಷ ಬದುಕಿ ಗಿನ್ನೆಸ್ ದಾಖಲೆಗೆ ಸೇರಿತು.

ಬೆಳೆಯುವ ಮೀನು

ಗೋಲ್ಡ್ ಫಿಷ್ ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ್ದು. ನಮ್ಮ ಕಾಟ್ಲಾ, ರೋಹುಗಳೂ ಅದರ ಬಂಧುಗಳೇ. ಸುಮಾರು ಸಾವಿರ ವರ್ಷಗಳ ಹಿಂದೆ ಚೀನಾದ ಕೊಳಗಳಲ್ಲಿ ಬಣ್ಣದ ಮೀನುಗಳನ್ನು ಆರಿಸಿ ಬೆಳೆಸಿದ್ದರಿಂದ ಈ ತಳಿ ರೂಪುಗೊಂಡಿತು. ಕಾಮನ್, ಕಾಮೆಟ್ ಮೊದಲಾದ ನೀಳ ಮೈಯ ಮೀನುಗಳು 25ರಿಂದ 30 ಸೆಂ.ಮೀ. ಉದ್ದ ಬೆಳೆಯಬಲ್ಲವು. ಒರಂಡಾ, ಬ್ಲ್ಯಾಕ್ ಮೂರ್‌ನಂತಹ ದುಂಡು ಮೈಯ ಮೀನುಗಳು 15ರಿಂದ 20 ಸೆಂ.ಮೀ. ಮುಟ್ಟುತ್ತವೆ.

'ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ' ಎಂಬ ನಂಬಿಕೆ ವ್ಯಾಪಕವಾಗಿದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಹೊಂದಾಣಿಕೆಯಲ್ಲ, ಕೆಟ್ಟ ನೀರಿನಲ್ಲಿ ಸೊರಗುತ್ತಿರುವುದರ ಲಕ್ಷಣ.

ಕಣ್ಣಿಗೆ ಕಾಣದ ವಿಷ

ಮೀನು ಉಸಿರಾಡುವಾಗ ಕಿವಿರುಗಳ ಮೂಲಕ ಅಮೋನಿಯಾ ಹೊರಬರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಉತ್ಪತ್ತಿಯಾಗುತ್ತದೆ. ನೀರು ತಿಳಿಯಾಗಿ ಕಂಡರೂ ಈ ವಿಷ ಅದರಲ್ಲಿರಬಹುದು. ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಬಳಿಕ ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಇಲ್ಲದ ಬೌಲ್‌ನಲ್ಲಿ ಈ ರಕ್ಷಣೆ ಇರುವುದೇ ಇಲ್ಲ. ಜತೆಗೆ, ಕಂಠದವರೆಗೆ ತುಂಬಿದ ಬೌಲ್‌ನಲ್ಲಿ ಗಾಳಿಗೆ ತಾಗುವ ನೀರಿನ ಮೇಲ್ಮೈ ಕಿರಿದಾಗಿ ಆಮ್ಲಜನಕವೂ ಕಡಿಮೆಯಾಗುತ್ತದೆ. ಇಟಲಿಯ ರೋಮ್ ನಗರಾಡಳಿತ 2005ರಲ್ಲಿ ದುಂಡನೆಯ ಬೌಲ್‌ಗಳಲ್ಲಿ ಮೀನು ಸಾಕುವುದನ್ನೇ ನಿಷೇಧಿಸಿತು.

ಎಷ್ಟು ದೊಡ್ಡ ಮನೆ?

ದುಂಡು ಮೈಯ ಮೊದಲ ಮೀನಿಗೆ 75 ಲೀಟರ್, ನಂತರದ ಪ್ರತಿ ಮೀನಿಗೆ 40 ಲೀಟರ್ ನೀರು ಎಂಬುದು ಸಾಕಣೆದಾರರು ಸಾಮಾನ್ಯವಾಗಿ ಪಾಲಿಸುವ ಕನಿಷ್ಠ ಲೆಕ್ಕ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 250 ಲೀಟರ್ ಹಿಡಿಯುತ್ತದೆ. ನೀರಿನ ಭಾರವೇ ಕಾಲು ಟನ್ ಆಗುವುದರಿಂದ ಅದಕ್ಕೆ ಗಟ್ಟಿಯಾದ ಸ್ಟ್ಯಾಂಡ್ ಅಗತ್ಯ. ಎತ್ತರಕ್ಕಿಂತ ಉದ್ದ, ಅಗಲ ಹೆಚ್ಚಿರುವ ತೊಟ್ಟಿಯೇ ಮೇಲು.

ನೀಳ ಮೈಯ ಮೀನುಗಳಿಗೆ ಹಿತ್ತಲಿನ ಕೊಳ ಅಥವಾ ಸಿಮೆಂಟ್ ತೊಟ್ಟಿ ಹೆಚ್ಚು ಸೂಕ್ತ. ಹೊಸ ಸಿಮೆಂಟ್ ನೀರಿಗೆ ಸುಣ್ಣದ ಅಂಶವನ್ನು ಬಿಡುವುದರಿಂದ ಕೆಲವು ವಾರ ನೀರು ತುಂಬಿಸಿ, ಹಲವು ಬಾರಿ ಬದಲಿಸಿದ ನಂತರವೇ ಮೀನು ಬಿಡಬೇಕು. ಸ್ವಲ್ಪ ನೆರಳು ಇರಬೇಕು. ಮಿಂಚುಳ್ಳಿ, ಬೆಳ್ಳಕ್ಕಿ ಹಾಗೂ ಬೆಕ್ಕುಗಳಿಂದ ರಕ್ಷಿಸಲು ಬಲೆ ಹೊದಿಸಬೇಕು.

ನಿರ್ವಹಣೆ

ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರು ಬದಲಿಸಬೇಕು. ಪೂರ್ತಿ ನೀರನ್ನು ಒಮ್ಮೆಲೇ ಚೆಲ್ಲುವುದು ಸರಿಯಲ್ಲ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರಿಗೂ, ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಹಾನಿಕರ. ಆದ್ದರಿಂದ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳನ್ನು ಬೆರೆಸಿಯೇ ನೀರು ಹಾಕಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ತೊಳೆಯಬೇಕು.

ಗೋಲ್ಡ್ ಫಿಷ್ ತಂಪು ನೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಹೀಗಾಗಿ ನಮ್ಮ ಬೇಸಿಗೆಯಲ್ಲಿ ಗಾಳಿಯ ಪಂಪ್ ಅನಿವಾರ್ಯ. ಕರೆಂಟ್ ಹೋದಾಗ ಬ್ಯಾಟರಿ ಪಂಪ್ ನೆರವಾಗುತ್ತದೆ. ಅದೂ ಇಲ್ಲದಿದ್ದರೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯುತ್ತಿದ್ದರೂ ಮೀನು ಚೇತರಿಸಿಕೊಳ್ಳುತ್ತದೆ.

ಕೆರೆಗೆ ಬಿಡುವುದು ಪರಿಹಾರವಲ್ಲ

ಮೀನು ದೊಡ್ಡದಾಯಿತೆಂದು ಕೆರೆಗೆ ಬಿಡುವವರಿದ್ದಾರೆ. ಪುಣ್ಯದ ಕೆಲಸವೆಂದು ತೋರಿದರೂ ಇದು ಅಪಾಯಕಾರಿ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಬರ್ನ್ಸ್‌ವಿಲ್‌ನಲ್ಲಿ ಹೀಗೆ ಬಿಟ್ಟ ಗೋಲ್ಡ್ ಫಿಷ್‌ಗಳು ಕೆರೆಯಲ್ಲಿ ಹೆಚ್ಚಿ, ದೈತ್ಯಾಕಾರವಾಗಿ ಬೆಳೆದುದು 2021ರಲ್ಲಿ ಪತ್ತೆಯಾಯಿತು. ತಳದ ಕೆಸರನ್ನು ಕೆದಕಿ ನೀರನ್ನು ಕದಡುವ ಇವು ಜಲಸಸ್ಯಗಳಿಗೆ, ಸ್ಥಳೀಯ ಮೀನುಗಳಿಗೆ ಕಂಟಕವಾಗುತ್ತವೆ. ಸಾಕಲಾಗದಿದ್ದರೆ ಕೊಳವಿರುವ ಪರಿಚಿತರಿಗೋ, ಅಕ್ವೇರಿಯಂ ಅಂಗಡಿಗೋ ಒಪ್ಪಿಸುವುದು ಲೇಸು.

ಎರಡಂಗುಲದ ಮೀನನ್ನು ಕೊಳ್ಳುವಾಗಲೇ, ಅದು ಅಡಿಯುದ್ದ ಬೆಳೆದ ದಿನ ಎಲ್ಲಿರಬೇಕೆಂದು ಯೋಚಿಸುವುದು ಒಳಿತು. ಮಗುವಿಗಾಗಿ ತಂದ ಮೀನು, ಆ ಮಗು ಕಾಲೇಜು ಸೇರುವವರೆಗೂ ಮನೆಯಲ್ಲಿರಬಲ್ಲದು.